ಲೋಹ ನ್ಯಾನೊ ಆದಾಗ ಬೇರುಗಂಟಿಗೆ ಏನಾಗುತ್ತದೆ?

ತಾಮ್ರ ಶಿಲೀಂಧ್ರವನ್ನು ಕೊಲ್ಲುತ್ತದೆ ಎಂದು ಅಡಿಕೆ ತೋಟದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಬೆರೆಸಿ ಬೋರ್ಡೊ ಹೊಡೆಯುವುದೇ ಅದಕ್ಕಾಗಿ. ಅದೇ ತಾಮ್ರ, ಜೊತೆಗೆ ಸತು, ಬೆಳ್ಳಿ ಈಗ ನ್ಯಾನೊ ಕಣಗಳಾಗಿ ಬರುತ್ತಿವೆ. (2021ರಲ್ಲಿ ಬಂದ ನ್ಯಾನೊ ಯೂರಿಯಾ ಸಾರಜನಕದ ಗೊಬ್ಬರ, ಲೋಹದ್ದಲ್ಲ. ಇಲ್ಲಿನ ದೂರನ್ನು ಅದರ ತಲೆಗೆ ಕಟ್ಟುವುದು ಬೇಡ.)

ನ್ಯಾನೊ ಕಣವೆಂದರೆ 1ರಿಂದ 100 ನ್ಯಾನೊಮೀಟರ್ ಗಾತ್ರದ್ದು. ಸಾಧಾರಣ ಬ್ಯಾಕ್ಟೀರಿಯಾ ಒಂದರ ಉದ್ದವೇ ಸುಮಾರು 1000 ನ್ಯಾನೊಮೀಟರ್. ಒಂದು ಸೆಂಟಿಮೀಟರ್ ಅಳತೆಯ ಲೋಹದ ಘನಕ್ಕೆ ಹೊರಮೈ ಇರುವುದು 6 ಚದರ ಸೆಂಟಿಮೀಟರ್. ಅದನ್ನೇ 10 ನ್ಯಾನೊಮೀಟರ್ ಚೂರುಗಳಾಗಿಸಿದರೆ ಒಟ್ಟು ಹೊರಮೈ 600 ಚದರ ಮೀಟರ್, ಹೆಚ್ಚುಕಡಿಮೆ ಆರು ಗುಂಟೆ ಜಮೀನು! ಲೋಹ ಕರಗಿ ಅಯಾನುಗಳಾಗಿ ಬಿಡುಗಡೆಯಾಗುವುದು ಹೊರಮೈಯಿಂದಲೇ. ಹಾಗಾಗಿ ತೂಕ ಅಷ್ಟೇ ಇದ್ದರೂ ಪರಿಣಾಮ ಬೇರೆ.

ಬೆಳ್ಳಿಯ ಅಯಾನು ಜೀವಕೋಶದ ಪ್ರೋಟೀನುಗಳಲ್ಲಿರುವ ಗಂಧಕಕ್ಕೆ ಅಂಟಿಕೊಳ್ಳುತ್ತದೆ. ಕಿಣ್ವಗಳು ನಿಲ್ಲುತ್ತವೆ, ಕೋಶದ ಪೊರೆ ಸೋರುತ್ತದೆ. ಪ್ರಯೋಗಾಲಯದ ತಟ್ಟೆಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಮಣ್ಣಿನ ಕತೆ ಅಷ್ಟು ಸರಳವಲ್ಲ. ಜೇಡಿ, ಹ್ಯೂಮಸ್ ಅಯಾನುಗಳನ್ನು ಹಿಡಿದಿಡುತ್ತವೆ. ಚರಂಡಿಯ ರಾಡಿ ಗೊಬ್ಬರವಾಗಿ ಹೊಲಕ್ಕೆ ಬರುವ ಮೊದಲೇ, ಚರಂಡಿ ನೀರಿನಲ್ಲಿ ಬೆಳ್ಳಿ ಗಂಧಕದೊಡನೆ ಸೇರಿ ಬಹುಪಾಲು ಕರಗದ ಸಲ್ಫೈಡ್ ಆಗಿಬಿಡುತ್ತದೆ. ಹಾಗೆಂದು ನಿಶ್ಚಿಂತೆಯಿಂದ ಇರುವಂತಿಲ್ಲ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ಚರಂಡಿ ರಾಡಿಯ ಗೊಬ್ಬರದೊಡನೆ ಮಣ್ಣಿಗೆ ಕೆಜಿಗೆ 0.14 ಮಿಲಿಗ್ರಾಂನಷ್ಟೇ ನ್ಯಾನೊ ಬೆಳ್ಳಿ ಸೇರಿಸಿ ನೋಡಿದರು. 2013ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಸೂಕ್ಷ್ಮಜೀವಿಗಳ ಒಟ್ಟು ತೂಕ ಶೇ. 35ರಷ್ಟು ಇಳಿದಿತ್ತು.

ಎಲ್ಲ ಜೀವಿಗಳಿಗೂ ಪೆಟ್ಟು ಒಂದೇ ಸಮ ಬೀಳುವುದಿಲ್ಲ. ಕಸಕಡ್ಡಿ ಕೊಳೆಸುವ ಕೆಲಸಕ್ಕೆ ನೂರಾರು ಬಗೆಯ ಜೀವಿಗಳಿವೆ. ಒಂದು ಸತ್ತರೆ ಇನ್ನೊಂದು ಆ ಜಾಗಕ್ಕೆ ಬರುತ್ತದೆ. ಅಮೋನಿಯವನ್ನು ನೈಟ್ರೇಟ್ ಮಾಡುವ ನೈಟ್ರೊಸೊಮೊನಾಸ್, ನೈಟ್ರೊಬ್ಯಾಕ್ಟರ್ ಮುಂತಾದವು ಕೆಲವೇ ಗುಂಪುಗಳು, ಬೆಳೆಯುವುದೂ ನಿಧಾನ. ಅವು ಕುಗ್ಗಿದರೆ ಆ ಕೆಲಸಕ್ಕೆ ಬದಲಿ ಆಳು ಸಿಗುವುದಿಲ್ಲ. ದ್ವಿದಳ ಬೆಳೆಯ ಬೇರುಗಂಟಿನಲ್ಲಿದ್ದು ಗಾಳಿಯ ಸಾರಜನಕವನ್ನು ಗಿಡಕ್ಕೆ ಹಿಡಿದುಕೊಡುವ ರೈಜೋಬಿಯಂ ಕೂಡ ಹೀಗೆಯೇ. 2012ರಲ್ಲಿ ಕ್ಯಾಲಿಫೋರ್ನಿಯಾದಿಂದ ಬಂದ ಸೋಯಾ ಅಧ್ಯಯನವೊಂದರಲ್ಲಿ, ನ್ಯಾನೊ ಸೀರಿಯಂ ಆಕ್ಸೈಡ್ ಹೆಚ್ಚು ಬೆರೆತ ಮಣ್ಣಿನಲ್ಲಿ ಸಾರಜನಕ ಸ್ಥಿರೀಕರಣ ಬಹುತೇಕ ನಿಂತೇಹೋಗಿತ್ತು. ಸತುವಿನ ಆಕ್ಸೈಡ್ ಬೆರೆಸಿದಲ್ಲಿ ಎಲೆ, ಕಾಳುಗಳಲ್ಲಿ ಸತು ಸೇರಿಕೊಂಡಿತ್ತು. ಲೋಹ ಯಾವುದು, ಪ್ರಮಾಣ ಎಷ್ಟು ಎಂದು ಕೇಳದೆ ‘ನ್ಯಾನೊ ಒಳ್ಳೆಯದೋ ಕೆಟ್ಟದ್ದೋ’ ಎಂದು ವಾದಿಸುವುದು ಬರೀ ಕಾಲಹರಣ.

ಮಣ್ಣನ್ನೂ ಕೇಳಬೇಕು. ಮಲೆನಾಡಿನ ಹುಳಿ ಮಣ್ಣಿನಲ್ಲಿ ಸತುವಿನ ಆಕ್ಸೈಡ್ ಬೇಗ ಕರಗುತ್ತದೆ. ಸುಣ್ಣದಂಶವಿರುವ ಎರೆಮಣ್ಣಿನಲ್ಲಿ ಸತು ಕಟ್ಟಿಬೀಳುತ್ತದೆ. ಸತುವಿನ ಕೊರತೆ ಇದೆಯೇ ಎಂಬುದನ್ನು ಮಣ್ಣು ಪರೀಕ್ಷೆಯಿಂದ ತಿಳಿದುಕೊಂಡ ಮೇಲೆ ನ್ಯಾನೊ ಸತುವಿನ ಬಾಟಲಿ ಕೊಳ್ಳಿ. ಎಲೆಗೆ ಸಿಂಪಡಿಸುವುದನ್ನು ಎಲೆಗೇ ಸಿಂಪಡಿಸಿ, ಬುಡಕ್ಕೆ ಸುರಿಯಬೇಡಿ. ರೈಜೋಬಿಯಂ, ಅಜೋಸ್ಪಿರಿಲಂ ಅಥವಾ ಟ್ರೈಕೊಡರ್ಮಾದಿಂದ ಬೀಜೋಪಚಾರ ಮಾಡಿದ್ದರೆ ಅದೇ ಬೀಜಕ್ಕೆ ತಾಮ್ರ, ಬೆಳ್ಳಿಯ ದ್ರಾವಣ ಮುಟ್ಟಿಸಬೇಡಿ.

ತೊಗರಿ, ಶೇಂಗಾ, ಸೋಯಾ ಇರುವ ಹೊಲದಲ್ಲಿ ಹೂ ಬರುವ ಹೊತ್ತಿಗೆ ಒಂದೆರಡು ಗಿಡಗಳನ್ನು ಸನಿಕೆಯಿಂದ ಮಣ್ಣುಸಮೇತ ಎಬ್ಬಿಸಿ. ಕಿತ್ತರೆ ಗಂಟು ಮಣ್ಣಿನಲ್ಲೇ ಉಳಿಯುತ್ತದೆ. ಬೇರು ತೊಳೆದು ಒಂದು ಗಂಟನ್ನು ಉಗುರಿನಿಂದ ಸೀಳಿ ನೋಡಿ: ಒಳಗೆ ಗುಲಾಬಿ ಕೆಂಪು ಇದ್ದರೆ ಕೆಲಸ ನಡೆಯುತ್ತಿದೆ, ಹಸಿರು ಅಥವಾ ಬೂದು ಇದ್ದರೆ ನಿಂತಿದೆ. ಸಿಂಪಡಿಸಿದ ಸಾಲು, ಸಿಂಪಡಿಸದ ಸಾಲು ಎರಡರಿಂದಲೂ ಗಿಡ ಎಬ್ಬಿಸಿ ಹೋಲಿಸಿ. ಇನ್ನು ಪಂಪು ತೊಳೆದ ನೀರನ್ನು ತಿಪ್ಪೆಗೆ ಮಾತ್ರ ಚೆಲ್ಲಬೇಡಿ. ಆ ಗೊಬ್ಬರ ನಾಳೆ ಹೊಲಕ್ಕೇ ಹೋಗುತ್ತದೆ.