ಮನೆಯಲ್ಲಿ ಸಂಗೀತ ಮುದ್ರಣ: ತಂತ್ರಾಂಶವನ್ನು ಆರಿಸುವ ಬಗೆ

ಕಳೆದ ವರ್ಷ ಒಂದು ಸಂಜೆ ನನ್ನ ತರಗತಿಯ ವಿದ್ಯಾರ್ಥಿಯೊಬ್ಬನು ಪ್ರಯೋಗಶಾಲೆಗೆ ಬಂದು, “ಸಾರ್, ಮನೆಯಲ್ಲಿ ಹಾಡು ಮುದ್ರಿಸಲು ಯಾವ ತಂತ್ರಾಂಶವನ್ನು ಕೊಳ್ಳಲಿ?” ಎಂದು ಕೇಳಿದನು. ಅವನ ಅಜ್ಜಿಗೆ ಎಂಬತ್ತು ದಾಟಿದೆ. ಹಸೆ, ಆರತಿ, ಬೀಗರ ಹಾಡುಗಳು ಆಕೆಗೆ ಬಾಯಿಪಾಠ. ಯಾವುದನ್ನೂ ಯಾರೂ ಬರೆದಿಟ್ಟಿಲ್ಲ. ಅವುಗಳನ್ನು ಗಣಕಯಂತ್ರದಲ್ಲಿ ಮುದ್ರಿಸಿ, ಬಳಿಕ ತಂಬೂರಿಯ ಶ್ರುತಿಯನ್ನೂ ತಾನು ನುಡಿಸುವ ಮೃದಂಗವನ್ನೂ ಕೂಡಿಸಬೇಕೆಂಬುದು ಅವನ ಆಸೆ. ಆಗಲೇ ಒಮ್ಮೆ ಮುದ್ರಿಸಿಯೂ ಇದ್ದನು. ಕೇಳಿದರೆ, ಅಜ್ಜಿ ದನಿಯೇರಿಸಿದಲ್ಲೆಲ್ಲ ಧ್ವನಿ ಒಡೆದು ಕರಕರನೆ ಸದ್ದಾಗುತ್ತಿತ್ತು. ದೋಷವೆಲ್ಲ ಬಿಟ್ಟಿಯಾಗಿ ದೊರೆತ ತಂತ್ರಾಂಶದ್ದೆಂದು ಬಗೆದು, ವಿದ್ಯಾರ್ಥಿವೇತನದ ಉಳಿತಾಯವನ್ನೆಲ್ಲ ಸುರಿದು ಬೆಲೆಬಾಳುವ ಒಂದನ್ನು ಕೊಳ್ಳಲು ಅವನು ಸಿದ್ಧನಾಗಿದ್ದನು.

ಬೆಲೆ ಹೆಚ್ಚಿದಂತೆ ಧ್ವನಿಯ ಗುಣವೂ ಹೆಚ್ಚುವುದೆ? ಇದಕ್ಕೆ ಉತ್ತರ ಹೇಳುವ ಮೊದಲು ಹಾಡು ಅಂಕೆಯಾಗುವ ಬಗೆಯನ್ನು ತಿಳಿಯಬೇಕು.

ಧ್ವನಿಯೆಂದರೆ ವಾಯುವಿನ ಒತ್ತಡದಲ್ಲಿ ಉಂಟಾಗುವ ಏರಿಳಿತ. ಮೈಕ್ರೊಫೋನು ಅದನ್ನು ವಿದ್ಯುತ್ತಿನ ಏರಿಳಿತವಾಗಿ ಮಾರ್ಪಡಿಸುತ್ತದೆ. ಅನಂತರ ಪರಿವರ್ತಕವೆಂಬ ಉಪಕರಣವು ಆ ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಸಲ ಅಳೆದು, ಅಳತೆಗಳನ್ನು ಸಂಖ್ಯೆಗಳಾಗಿ ಗಣಕಕ್ಕೆ ಒಪ್ಪಿಸುತ್ತದೆ. ಎಷ್ಟು ಸಲ ಅಳೆಯಬೇಕು? ಒಂದು ಧ್ವನಿಯಲ್ಲಿರುವ ಅತ್ಯಧಿಕ ಆವೃತ್ತಿಯ ಎರಡರಷ್ಟಕ್ಕಿಂತ ಹೆಚ್ಚು ಸಲ ಅಳೆದರೆ ಆ ಅಳತೆಗಳಿಂದಲೇ ಮೂಲ ತರಂಗವನ್ನು ಮತ್ತೆ ಪಡೆಯಬಹುದೆಂದು ಕ್ಲಾಡ್ ಷ್ಯಾನನ್ 1949ರ ತನ್ನ ಪ್ರಬಂಧದಲ್ಲಿ ಸಾಧಿಸಿ ತೋರಿಸಿದನು. ನಮ್ಮ ಕಿವಿ ಕೇಳಬಲ್ಲುದು ಸೆಕೆಂಡಿಗೆ ಸುಮಾರು 20ರಿಂದ 20,000 ಕಂಪನಗಳವರೆಗೆ. ಆದುದರಿಂದಲೇ 1982ರಲ್ಲಿ ಮಾರಾಟಕ್ಕೆ ಬಂದ ಕಾಂಪ್ಯಾಕ್ಟ್ ಡಿಸ್ಕಿಗೆ ಸೆಕೆಂಡಿಗೆ 44,100 ಅಳತೆಗಳು ಸಾಕಾದುವು.

ಇನ್ನು ಪ್ರತಿಯೊಂದು ಅಳತೆಯೂ ಎಷ್ಟು ಸೂಕ್ಷ್ಮವಾಗಿರಬೇಕು? 16 ಬಿಟ್ಟುಗಳ ಅಳತೆಕೋಲಿನಲ್ಲಿ 65,536 ಮೆಟ್ಟಿಲುಗಳಿವೆ. 24 ಬಿಟ್ಟುಗಳದರಲ್ಲಿ 1,67,77,216. ಆದರೆ ಕೋಲು ಯಾವುದಾದರೂ ಅದಕ್ಕೊಂದು ತುದಿಯುಂಟು. ತರಂಗದ ಶಿಖರ ಆ ತುದಿಯನ್ನು ಮೀರಿದರೆ ಮೀರಿದ ಭಾಗವೆಲ್ಲ ಒಂದೇ ಸಂಖ್ಯೆಯಾಗಿ ದಾಖಲಾಗುತ್ತದೆ. ದುಂಡಗಿದ್ದ ಶಿಖರ ಕತ್ತರಿಸಿದಂತೆ ಚಪ್ಪಟೆಯಾಗುತ್ತದೆ. ಅಜ್ಜಿಯ ಧ್ವನಿ ಒಡೆದದ್ದು ಇಲ್ಲಿಯೇ, ತಂತ್ರಾಂಶದ ಕೈಗೆ ಬರುವುದಕ್ಕೂ ಮೊದಲು. ಹೀಗೆ ಕಳೆದುಹೋದ ಶಿಖರವನ್ನು ಯಾವ ತಂತ್ರಾಂಶವೂ ಊಹಿಸಬಲ್ಲುದೇ ಹೊರತು ಮರಳಿ ತರಲಾರದು. ಪರಿಹಾರ ಸುಲಭವಾದುದು: 24 ಬಿಟ್ಟುಗಳನ್ನು ಆರಿಸಿಕೊಂಡು, ಅತ್ಯಂತ ಗಟ್ಟಿಯಾದ ಸ್ವರವೂ ಕೋಲಿನ ಕಾಲುಭಾಗವನ್ನು ಮೀರದಂತೆ ಮೈಕ್ರೊಫೋನಿನ ಮಟ್ಟವನ್ನು ಇಳಿಸುವುದು. ಇದರಿಂದ ಎರಡು ಬಿಟ್ಟುಗಳು ನಷ್ಟವಾದರೂ ಇನ್ನೂ 22 ಉಳಿದಿರುತ್ತವೆ.

ಹಾಗಾದರೆ ತಂತ್ರಾಂಶದ ಕೆಲಸವೇನು? ಮುಖ್ಯವಾಗಿ ಅಂಕಗಣಿತ. ಹಾಡಿನ ಸಂಖ್ಯೆಗಳಿಗೆ ಮೃದಂಗದ ಸಂಖ್ಯೆಗಳನ್ನು ಕೂಡುವುದು. ಧ್ವನಿಯನ್ನು ಏರಿಸಬೇಕಾದರೆ ಗುಣಿಸುವುದು. ಎರಡಕ್ಕೆ ಎರಡು ಕೂಡಿದರೆ ದುಬಾರಿ ತಂತ್ರಾಂಶದಲ್ಲಿಯೂ ನಾಲ್ಕೇ. ಬೇಕಾದರೆ ಪರೀಕ್ಷಿಸಿ ನೋಡಬಹುದು. ಒಂದೇ ಮುದ್ರಣಗಳನ್ನು ಎರಡು ತಂತ್ರಾಂಶಗಳಲ್ಲಿ ಒಂದೇ ಪ್ರಮಾಣದಲ್ಲಿ ಕೂಡಿಸಿರಿ. ಒಂದರ ಫಲಿತಾಂಶದಲ್ಲಿ ಧನವನ್ನು ಋಣವಾಗಿಯೂ ಋಣವನ್ನು ಧನವಾಗಿಯೂ ಬದಲಿಸಿ ಮತ್ತೊಂದಕ್ಕೆ ಸೇರಿಸಿರಿ. ತರಗತಿಯಲ್ಲಿ ಓದಿದ ವ್ಯತಿಕರಣವೇ ಇಲ್ಲಿಯೂ ನಡೆದು, ಉಳಿಯುವುದು ಬಹುಮಟ್ಟಿಗೆ ಮೌನವೊಂದೇ.

ತಂತ್ರಾಂಶಗಳಲ್ಲಿ ಭೇದವೇ ಇಲ್ಲವೆಂದು ಇದರ ಅರ್ಥವಲ್ಲ. ಮೊದಲನೆಯ ಭೇದವಿರುವುದು ಕಾಲದ ವಿಷಯದಲ್ಲಿ. ಗಣಕವು ಅಳತೆಗಳನ್ನು ಒಂದೊಂದಾಗಿ ಅಲ್ಲ, ಕಂತೆಕಟ್ಟಿ ಸಾಗಿಸುತ್ತದೆ. ಸೆಕೆಂಡಿಗೆ 48,000 ಅಳತೆಗಳಿದ್ದು ಕಂತೆಗೆ 1,024 ಆದರೆ, ಒಳಬರುವ ಮತ್ತು ಹೊರಹೋಗುವ ಕಂತೆಗಳೆರಡೂ ಸೇರಿ ಸುಮಾರು 43 ಮಿಲಿಸೆಕೆಂಡು ತಡ. ಅಷ್ಟರಲ್ಲಿ ಧ್ವನಿ ಗಾಳಿಯಲ್ಲಿ ಹದಿನಾಲ್ಕು ಮೀಟರಿಗೂ ಹೆಚ್ಚು ದೂರ ಸಾಗುತ್ತದೆ. ಅಷ್ಟು ದೂರದಲ್ಲಿ ಕುಳಿತ ಮೃದಂಗದವರೊಡನೆ ಹಾಡುವುದು ಹೇಗಿದ್ದೀತು, ಊಹಿಸಿಕೊಳ್ಳಿ! ಕಂತೆಯನ್ನು 128ಕ್ಕೆ ಇಳಿಸಿದರೆ ಆ ದೂರ ಎರಡು ಮೀಟರಿಗೂ ಕಡಮೆ. ಕಚೇರಿಯಲ್ಲಿ ಅವರು ಕುಳಿತುಕೊಳ್ಳುವ ಜಾಗವೇ ಅದು. ಕಂತೆಯನ್ನು ಕಿರಿದುಮಾಡಲು ಅವಕಾಶವಿರುವ, ಮುದ್ರಣವಾದ ಬಳಿಕ ಉಳಿದ ತಡವನ್ನು ಲೆಕ್ಕಹಾಕಿ ತಾನೇ ಸರಿಪಡಿಸುವ ತಂತ್ರಾಂಶವನ್ನು ಆರಿಸಬೇಕು. ಕಿವಿಗೆ ಹಾಕುವ ಹೆಡ್‌ಫೋನನ್ನು ಮೈಕ್ರೊಫೋನಿಗೆ ಒತ್ತಿಹಿಡಿದು, ತಂತ್ರಾಂಶದ ತಾಳದ ಸದ್ದನ್ನೇ ಮತ್ತೆ ಮುದ್ರಿಸಿ ನೋಡಿದರೆ ತಡವೆಷ್ಟೆಂದು ತೆರೆಯ ಮೇಲೆಯೇ ಕಾಣುತ್ತದೆ.

ಎರಡನೆಯದು ನಮ್ಮ ಸಂಗೀತದ ಅಗತ್ಯ. ಅನೇಕ ತಂತ್ರಾಂಶಗಳು ತೆರೆದೊಡನೆ ನಾಲ್ಕು ಎಣಿಕೆಯ ತಾಳವನ್ನೇ ಮುಂದಿಡುತ್ತವೆ. ಖಂಡಛಾಪುವಿನ ಐದು, ಮಿಶ್ರಛಾಪುವಿನ ಏಳು ಎಣಿಕೆಗಳನ್ನು ಕೊಡಲು ಅನುಕೂಲವುಂಟೆ ಎಂದು ನೋಡಬೇಕು. ಶ್ರುತಿಯನ್ನು ತಿದ್ದುವ ಉಪಕರಣಗಳ ವಿಷಯದಲ್ಲಂತೂ ಎಚ್ಚರ ಅಗತ್ಯ. 1997ರಲ್ಲಿ ಬಂದ ಆಟೋ-ಟ್ಯೂನ್ ಮುಂತಾದುವು ಅಲುಗುವ ಸ್ವರವನ್ನು ಸಮೀಪದ ನಿಗದಿತ ಸ್ವರಕ್ಕೆ ಎಳೆದು ನಿಲ್ಲಿಸುತ್ತವೆ. ಬಿಗಿಯಾಗಿ ಪ್ರಯೋಗಿಸಿದರೆ ಗಮಕವೂ ಜಾರೂ ದೋಷಗಳೆಂದು ಎಣಿಕೆಯಾಗಿ ಅಳಿಸಿಹೋದಾವು!

ಮೂರನೆಯದು ದಾಖಲೆಯ ಬಾಳಿಕೆ. ಒಂದು ತಂತ್ರಾಂಶದ ಸ್ವಂತ ಕಡತವನ್ನು ಮತ್ತೊಂದು ತೆರೆಯದಿರಬಹುದು. ಪ್ರತಿಯೊಂದು ಧ್ವನಿಯನ್ನೂ ಎಲ್ಲ ತಂತ್ರಾಂಶಗಳೂ ಓದಬಲ್ಲ ವೇವ್ ಕಡತವಾಗಿ ಬೇರೆ ತೆಗೆದಿಡಲು ಬರಬೇಕು.

ಈ ಪರೀಕ್ಷೆಗಳಿಗೆ ಹೆಚ್ಚು ಹಣ ಬೇಡ. 2000ದಲ್ಲಿ ಬಿಡುಗಡೆಯಾದ, ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದಲ್ಲಿ ಜನಿಸಿದ ಅಡಾಸಿಟಿ ಬಿಟ್ಟಿಯಾಗಿ ದೊರೆಯುತ್ತದೆ. ಒಂದು ಹಾಡು, ಒಂದು ಶ್ರುತಿಯ ಕೆಲಸಕ್ಕೆ ಅದು ಧಾರಾಳವಾಗಿ ಸಾಕು. ಆಪಲ್ ಗಣಕವುಳ್ಳವರಿಗೆ ಗ್ಯಾರೇಜ್‌ಬ್ಯಾಂಡ್ ಉಚಿತ. ಹಲವು ವಾದ್ಯಗಳನ್ನು ಪದರಪದರವಾಗಿ ಸೇರಿಸುವವರು ರೀಪರ್ ಎಂಬುದನ್ನು 60 ದಿನ ಪರೀಕ್ಷಿಸಿ, ಒಪ್ಪಿಗೆಯಾದರೆ ಕೊಳ್ಳಬಹುದು. ಆರ್ಡರ್ ಎಂಬುದರ ಮೂಲಸಂಕೇತ ಎಲ್ಲರಿಗೂ ಮುಕ್ತವಾಗಿದೆ. ಬೆಲೆ ಕೊನೆಯಲ್ಲಿ ನೋಡಬೇಕಾದ ವಿಷಯ.

ನನ್ನ ವಿದ್ಯಾರ್ಥಿ ತಂತ್ರಾಂಶವನ್ನು ಬದಲಿಸಲಿಲ್ಲ. ಮೈಕ್ರೊಫೋನಿನ ಮಟ್ಟವನ್ನು ಇಳಿಸಿ, ಅಜ್ಜಿಯಿಂದ ಎಲ್ಲವನ್ನೂ ಮತ್ತೆ ಹಾಡಿಸಿದನು. ಈ ಬಾರಿ ಧ್ವನಿ ತಿಳಿಯಾಗಿ ಬಂದಿತು. ಆದರೆ ಒಂದು ಹಸೆಹಾಡಿನ ಕೊನೆಯ ನುಡಿ ಆಕೆಗೆ ಎಷ್ಟು ಯತ್ನಿಸಿದರೂ ನೆನಪಾಗಲಿಲ್ಲ. ಅದೀಗ ಉಳಿದಿರುವುದು ಆ ಒಡೆದ ಮುದ್ರಣದಲ್ಲಿ ಮಾತ್ರ. ಅವನು ಅದನ್ನು ಅಳಿಸದೆ ಇಟ್ಟುಕೊಂಡಿದ್ದಾನೆ.