ಬೆಣ್ಣೆಗೆ ಮುಂಚೆ ಕೈ ನಿಲ್ಲಿಸಿದರೆ: ಮನೆಯಲ್ಲಿ ಚಾಕೊಲೇಟ್ ಮೂಸ್

ಚಾಕೊಲೇಟ್ ಮೂಸ್ ಎಂದರೆ ಗಾಳಿ ತುಂಬಿದ ಚಾಕೊಲೇಟ್. ಫ್ರೆಂಚ್ ಭಾಷೆಯಲ್ಲಿ ಮೂಸ್ ಎಂಬುದಕ್ಕೆ ನೊರೆ ಎಂದೇ ಅರ್ಥ. ಕರಗಿಸಿದ ಚಾಕೊಲೇಟನ್ನು ಕಡೆದ ಕೆನೆಗೋ ಮೊಟ್ಟೆಯ ಬಿಳಿಯ ನೊರೆಗೋ ಹಗುರಾಗಿ ಸೇರಿಸಿ ತಣ್ಣಗಿಟ್ಟರೆ, ಚಮಚೆಯಲ್ಲಿ ನಿಲ್ಲುವ, ಬಾಯಿಗಿಟ್ಟೊಡನೆ ಕರಗುವ ಸಿಹಿ ಸಿದ್ಧವಾಗುತ್ತದೆ. ಬೆಳಗಾವಿ ಜಿಲ್ಲೆಯ ಹೆಸರಾಂತ ಸಿಹಿಗಳ ದಾರಿ ಇದಕ್ಕೆ ತೀರ ಬೇರೆ. ಬೆಳಗಾವಿಯ ಕುಂದಾ ಹಾಲನ್ನು ಬಹಳ ಹೊತ್ತು ಕುದಿಸಿ ಬತ್ತಿಸಿದ್ದು. ಗೋಕಾಕದ ಕರದಂಟು ಬೆಲ್ಲದ ಪಾಕದಲ್ಲಿ ಅಂಟು, ಕೊಬ್ಬರಿ, ಒಣಹಣ್ಣುಗಳು ಹಿಡಿದು ನಿಂತದ್ದು. ಕರದಂಟಿನಲ್ಲಿ ನೀರಿನಂಶ ಉಳಿಯುವುದೇ ಕಡಿಮೆ, ಅದಕ್ಕೇ ಅದು ಪರವೂರಿಗೆ ಹೋಗುವವರ ಚೀಲದಲ್ಲೂ ಕೆಡದೆ ಉಳಿಯುತ್ತದೆ. ಮೂಸ್‌ಗೆ ಒಲೆ ಬೇಕಾಗುವುದು ಐದು ನಿಮಿಷ. ಉಳಿದದ್ದೆಲ್ಲ ಕೈ ಮತ್ತು ತಂಪು.

ಆದರೂ ಸವದತ್ತಿ ಸೀಮೆಯ ಚಚಡಿಯಂಥ ಊರಿನ ಅಡುಗೆಮನೆಗೆ ಈ ಕೆಲಸದ ಅರ್ಧ ಹೊಸದಲ್ಲ. ಮೊಸರು ಕಡೆದು ಬೆಣ್ಣಿ ತೆಗೆಯುವ ಕೈಗೆ ಅದು ಗೊತ್ತೇ ಇದೆ. ಕಡಗೋಲು ಮೊದಲು ಸಲೀಸಾಗಿ ತಿರುಗುತ್ತದೆ, ನೊರೆ ಏರುತ್ತದೆ, ಆಮೇಲೆ ಕೈಗೆ ಭಾರ ಬರುತ್ತದೆ, ಒಮ್ಮೆಗೇ ಸದ್ದು ಬದಲಾಗಿ ಬೆಣ್ಣೆಯ ಕಾಳು ತೇಲುತ್ತವೆ. ಕೆನೆಯಲ್ಲಿ ಚದುರಿಕೊಂಡಿರುವ ಕೊಬ್ಬಿನ ಸಣ್ಣ ಉಂಡೆಗಳು ಬಡಿತಕ್ಕೆ ಸಿಕ್ಕಿ ಅರ್ಧಂಬರ್ಧ ಒಂದಕ್ಕೊಂದು ಅಂಟಿ, ಗಾಳಿಗುಳ್ಳೆಗಳ ಸುತ್ತ ಬಲೆ ಹೆಣೆದಾಗ ನೊರೆ ಗಟ್ಟಿಯಾಗುತ್ತದೆ. ಬಡಿತ ಮುಂದುವರಿದರೆ ಆ ಬಲೆ ಕುಸಿದು, ಕೊಬ್ಬೆಲ್ಲ ಒಂದುಗೂಡಿ ಬೆಣ್ಣೆಯಾಗುತ್ತದೆ. ಬೆಣ್ಣೆ ತೆಗೆಯುವವರು ದಾಟಿ ಹೋಗುವ ನಡುಘಟ್ಟದಲ್ಲಿ ಕೈ ನಿಲ್ಲಿಸುವುದೇ ಮೂಸ್‌ನ ಕಸುಬು.

ಕಡಗೋಲಿಗೂ ಚಾಕೊಲೇಟಿಗೂ ನಂಟು ಹಳೆಯದು. ಘನ ಚಾಕೊಲೇಟ್ ಬಾರ್ ಇಂಗ್ಲೆಂಡಿನ ಫ್ರೈ ಕಂಪನಿಯಿಂದ ಹೊರಬಂದದ್ದು 1847ರಲ್ಲಿ; ಅದಕ್ಕೂ ಮುನ್ನ ಚಾಕೊಲೇಟ್ ಎಂದರೆ ಮುಖ್ಯವಾಗಿ ಕುಡಿಯುವ ವಸ್ತು. ಮೆಕ್ಸಿಕೊದ ಮೂಲನಿವಾಸಿಗಳು ಅದನ್ನು ಎತ್ತರದಿಂದ ಪಾತ್ರೆಯಿಂದ ಪಾತ್ರೆಗೆ ಸುರಿದು ನೊರೆ ಬರಿಸುತ್ತಿದ್ದರು, ಕೆಲವೊಮ್ಮೆ ಮೆಣಸಿನಕಾಯಿಯನ್ನೂ ಹಾಕುತ್ತಿದ್ದರು. ಸ್ಪೇನಿನವರ ಕಾಲದಲ್ಲಿ ಅಲ್ಲಿ ಬಳಕೆಗೆ ಬಂದ ಮೊಲಿನಿಯೊ ಎಂಬ ಮರದ ಸಾಧನ ಇಂದಿಗೂ ಇದೆ. ತುದಿಯಲ್ಲಿ ಕೆತ್ತಿದ ಗುಂಡು, ಮೇಲೆ ಉದ್ದನೆಯ ಹಿಡಿ, ಎರಡು ಅಂಗೈಗಳ ನಡುವೆ ಹೊಸೆದು ತಿರುಗಿಸುವುದು. ಬೈಲಹೊಂಗಲದ ಸಂತೆಯಲ್ಲಿ ಇಟ್ಟರೆ ಅದನ್ನು ಯಾರಾದರೂ ಕಡಗೋಲು ಎಂದೇ ಕೊಂಡಾರು.

ಕೋಕೊ ಮಾತ್ರ ಈ ಸೀಮೆಯ ಬೆಳೆಯಲ್ಲ. ಅದಕ್ಕೆ ನೆರಳು, ತೇವ ಎರಡೂ ಬೇಕು. ಕರ್ನಾಟಕದಲ್ಲಿ ಅದು ಹೆಚ್ಚಾಗಿ ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿ ಉಪಬೆಳೆಯಾಗಿ ನಿಂತಿದೆ. ಕಾಯಿ ಒಡೆದು ತೆಗೆದ ಬೀಜವನ್ನು ಲೋಳೆಯ ಸಮೇತ ಐದಾರು ದಿನ ರಾಶಿ ಹಾಕಿ ಹುಳಿಯಲು ಬಿಟ್ಟು, ಒಣಗಿಸಿ, ಹುರಿದ ಮೇಲೆಯೇ ಚಾಕೊಲೇಟಿನ ಘಮ ಹುಟ್ಟುತ್ತದೆ. ಹಸಿ ಬೀಜ ಬರೀ ಕಹಿ, ಒಗರು. ಅಡಿಕೆ ಬೆಳೆಗಾರರಿಗಾಗಿ 1973ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಸಹಕಾರ ಸಂಸ್ಥೆ ಕ್ಯಾಂಪ್ಕೊ, ಕೋಕೊ ಕೊಳ್ಳುವವರಿಲ್ಲದೆ ಬೆಲೆ ಕುಸಿದ ಹೊತ್ತಿನಲ್ಲಿ ಖರೀದಿಗೆ ಇಳಿಯಿತು. 1986ರಲ್ಲಿ ಪುತ್ತೂರಿನಲ್ಲಿ ಅದರ ಚಾಕೊಲೇಟ್ ಕಾರ್ಖಾನೆ ಶುರುವಾಯಿತು. ಅಡಿಕೆಯ ನೆರಳಿನಲ್ಲಿ ಬೆಳೆದ ಬೀಜ ಅದೇ ಸೀಮೆಯಲ್ಲಿ ಚಾಕೊಲೇಟ್ ಆಗುವುದು ಅಂದಿನಿಂದ.

ಮೂಸ್‌ಗೆ ಕೊಳ್ಳುವಾಗ ಪೊಟ್ಟಣದ ಹಿಂಬದಿ ಓದುವುದು ಅಗತ್ಯ. ಬೇಕರಿ ಸಾಮಾನಿನ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುವ ದೊಡ್ಡ ಹಲಗೆಗಳು ಬಹುಪಾಲು ಕಾಂಪೌಂಡ್. ಅವುಗಳಲ್ಲಿ ಕೋಕೊ ಬೆಣ್ಣೆಯ ಬದಲು ಬೇರೆ ಸಸ್ಯದ ಕೊಬ್ಬು ಇರುತ್ತದೆ. ಕೋಕೊ ಬೆಣ್ಣೆ ಕರಗುವುದು ಸುಮಾರು 34 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಂದರೆ ಮೈಬಿಸಿಗಿಂತ ತುಸು ಕೆಳಗೆ. ಬಾಯಲ್ಲಿ ಕರಗುವ ಸುಖವೆಲ್ಲ ಅದರದು. ಕಾಂಪೌಂಡಿನ ಮೂಸ್ ನಿಲ್ಲುತ್ತದೆ, ಆದರೆ ಅಂಗುಳಕ್ಕೆ ಮೇಣದಂತೆ ಹತ್ತಿಕೊಳ್ಳುತ್ತದೆ. ಬಿಸಿಲುಸೀಮೆಯ ಏಪ್ರಿಲ್‌ನಲ್ಲಿ ಪೇಟೆಯಿಂದ ಮನೆಗೆ ಬರುವಷ್ಟರಲ್ಲಿ ಅಸಲಿ ಚಾಕೊಲೇಟ್ ಮೆತ್ತಗಾಗುವುದೂ, ಮತ್ತೆ ಗಟ್ಟಿಯಾದಾಗ ಮೈಮೇಲೆ ಬೂದುಬಣ್ಣ ಹತ್ತುವುದೂ ಇದೇ ಕಾರಣಕ್ಕೆ. ಅದು ಬೂಷ್ಟಲ್ಲ, ಮೇಲೆದ್ದು ಹೆಪ್ಪುಗಟ್ಟಿದ ಕೋಕೊ ಬೆಣ್ಣೆ. ಕರಗಿಸಿ ಬಳಸಲು ಯಾವ ಅಡ್ಡಿಯೂ ಇಲ್ಲ.

ನಾಲ್ಕೈದು ಮಂದಿಗೆ 150 ಗ್ರಾಂ ಕಪ್ಪು ಚಾಕೊಲೇಟ್, 60 ಮಿಲಿಲೀಟರ್ ಹಾಲು, 250 ಮಿಲಿಲೀಟರ್ ವಿಪ್ಪಿಂಗ್ ಕ್ರೀಮ್ ಸಾಕು. ಕಾಯಿಸಿದ ಹಾಲನ್ನು ಚೂರು ಮಾಡಿದ ಚಾಕೊಲೇಟಿನ ಮೇಲೆ ಸುರಿದು, ಎರಡು ನಿಮಿಷ ಬಿಟ್ಟು, ನಡುವಿನಿಂದ ಅಂಚಿಗೆ ಕಲಕಿದರೆ ನುಣ್ಣಗಾಗುತ್ತದೆ. ಹಾಲಿಲ್ಲದೆ ಬರೀ ಚಾಕೊಲೇಟನ್ನು ಬಿಸಿನೀರಿನ ಪಾತ್ರೆಯ ಮೇಲಿಟ್ಟು ಕರಗಿಸುವವರಿಗೆ ಒಂದು ಗಂಡಾಂತರ ಕಾದಿರುತ್ತದೆ: ಒಂದೆರಡು ಹನಿ ನೀರು ಸಿಡಿದರೂ ಇಡೀ ಮುದ್ದೆ ಗಂಟುಗಂಟಾಗಿ ಬಿಗಿಯುತ್ತದೆ. ಜೋಳದ ಹಿಟ್ಟಿಗೆ ಹನಿ ನೀರು ಬಿದ್ದರೆ ಉಂಡೆಗಟ್ಟುವುದು, ಬೊಗಸೆ ನೀರು ಬಿದ್ದರೆ ಅಂಬಲಿಯಾಗುವುದು ಎಲ್ಲರಿಗೂ ಗೊತ್ತು. ಇಲ್ಲಿಯೂ ಸಕ್ಕರೆ, ಕೋಕೊ ಪುಡಿಗಳ ಪಾಡು ಅದೇ, ಮದ್ದೂ ಅದೇ: ಹೆದರದೆ ಇನ್ನೆರಡು ಚಮಚೆ ಬಿಸಿನೀರು ಹಾಕಬೇಕು.

ಕೆನೆಯ ವಿಷಯದಲ್ಲಿ ಮಾತ್ರ ಹಳ್ಳಿಯ ಅನುಕೂಲ ಕೈಹಿಡಿಯುವುದಿಲ್ಲ. ಎಮ್ಮೆ ಹಾಲು ಕಾಯಿಸಿ ದಿನವೂ ಎತ್ತಿಟ್ಟ ಕೆನಿ ಬೆಣ್ಣೆಗೆ ಸರಿ, ನೊರೆಗಲ್ಲ. ಕಾದ ಹಾಲಿನ ಪ್ರೋಟೀನು ಅದರಲ್ಲಿ ಪದರಗಟ್ಟಿರುತ್ತದೆ, ಬಡಿದರೆ ಚೂರಾಗುತ್ತದೆಯೇ ಹೊರತು ಉಬ್ಬುವುದಿಲ್ಲ. ಪೊಟ್ಟಣದಲ್ಲಿ ಸಿಗುವ ಶೇಕಡಾ 25 ಕೊಬ್ಬಿನ ಕ್ರೀಮ್ ಕೂಡ ಪಾಯಸಕ್ಕೆ ಚೆನ್ನ, ಗಟ್ಟಿ ನೊರೆಗೆ ತೀರ ತೆಳು. ಶೇಕಡಾ 35ಕ್ಕೆ ಮೇಲ್ಪಟ್ಟದ್ದು ಬೇಕು. ಪಾತ್ರೆಯೂ ಕೆನೆಯೂ ಫ್ರಿಜ್ಜಿನಿಂದ ಆಗತಾನೆ ಹೊರಬಂದಷ್ಟು ತಣ್ಣಗಿರಬೇಕು. ತಂತಿಯ ಬೀಟರ್ ಎತ್ತಿದಾಗ ನೊರೆಯ ತುದಿ ಎದ್ದು ಗಿಳಿಯ ಕೊಕ್ಕಿನಂತೆ ಬಾಗಿದರೆ ಸಾಕು. ನೆಟ್ಟಗೆ ನಿಂತರೆ ಅದು ಬೆಣ್ಣೆಯ ಹೊಸ್ತಿಲು.

ಕರಗಿದ ಚಾಕೊಲೇಟಿಗೆ ಬೆರಳಿಟ್ಟರೆ ಬಿಸಿಯೂ ಅನಿಸಬಾರದು, ತಂಪೂ ಅನಿಸಬಾರದು. ಬಿಸಿ ಇದ್ದರೆ ಕೆನೆ ಕರಗುತ್ತದೆ, ಆರಿದ್ದರೆ ಚಾಕೊಲೇಟ್ ಸಣ್ಣ ಚೂರುಗಳಾಗಿ ಹೆಪ್ಪುಗಟ್ಟುತ್ತದೆ. ಮೂರರಲ್ಲೊಂದು ಪಾಲು ನೊರೆಯನ್ನು ಮೊದಲು ಮುಲಾಜಿಲ್ಲದೆ ಕಲಸಿ ಚಾಕೊಲೇಟನ್ನು ಸಡಿಲಗೊಳಿಸಬೇಕು. ಉಳಿದದ್ದನ್ನು ಅಗಲದ ಸೌಟಿನಿಂದ ತಳದಿಂದೆತ್ತಿ ಮೇಲೆ ಹೊದಿಸುತ್ತ ಸೇರಿಸಬೇಕು. ಬಿಳಿ ಗೆರೆ ಮಾಯವಾದ ಕ್ಷಣವೇ ನಿಲ್ಲಿಸಬೇಕು. ಹಿಡಿದ ಗಾಳಿ ಇಲ್ಲಿಯೇ ಸೋರಿಹೋಗುವುದು.

ಫ್ರೆಂಚರ ಮನೆಗಳಲ್ಲಿ ಹಳೆಯ ರೂಢಿ ಮೊಟ್ಟೆಯದು. ಅದರಲ್ಲಿ ಮೊಟ್ಟೆ ಬೇಯುವುದಿಲ್ಲ, ಹಾಗಾಗಿ ಮಕ್ಕಳಿಗೂ ಬಸುರಿಯರಿಗೂ ತಕ್ಕದ್ದಲ್ಲ. ಮೊಟ್ಟೆ ತಿನ್ನದ ಮನೆಗಳೇ ಹೆಚ್ಚಿರುವ ಕಡೆ ಕಡಲೆ ಅದರ ಜಾಗ ತುಂಬುತ್ತದೆ, ಮತ್ತು ಕಡಲೆ ಇಲ್ಲಿನ ಎರೆನೆಲದ ಹಿಂಗಾರಿ ಬೆಳೆ. ಕಡಲೆ ಬೇಯಿಸಿದ ನೀರು ಮೊಟ್ಟೆಯ ಬಿಳಿಯಂತೆ ನೊರೆಯಾಗುವುದನ್ನು 2014ರಲ್ಲಿ ಫ್ರಾನ್ಸಿನ ಜೋಯಲ್ ರೊಸೆಲ್ ತೋರಿಸಿದ. ನೆನೆಸಿದ ಕಾಬೂಲಿ ಕಡಲೆಯನ್ನು ಉಪ್ಪು, ಸೋಡಾ ಹಾಕದೆ ಬೇಯಿಸಿ, ಆ ನೀರನ್ನು ಲೋಳೆಯಾಗುವವರೆಗೆ ಬತ್ತಿಸಿ, ಆರಿಸಿ, ನಾಲ್ಕು ಹನಿ ನಿಂಬೆರಸ ಬಿಟ್ಟು ಬಡಿಯಬೇಕು. ವಿದ್ಯುತ್ ಬೀಟರ್‌ಗೇ ಎಂಟು ಹತ್ತು ನಿಮಿಷದ ಕೆಲಸ. ಕೈಯಲ್ಲಿ ಮಾಡುವವರಿಗೆ ರಟ್ಟೆ ಗಟ್ಟಿ ಇರಬೇಕು.

ಇದಕ್ಕಿಂತಲೂ ಸರಳವಾದದ್ದು ಫ್ರೆಂಚ್ ರಸಾಯನಶಾಸ್ತ್ರಜ್ಞ ಎರ್ವೆ ತಿಸ್ 1990ರ ದಶಕದಲ್ಲಿ ಕಂಡುಕೊಂಡ ದಾರಿ: ಬರೀ ಚಾಕೊಲೇಟ್, ಬರೀ ನೀರು. 200 ಗ್ರಾಂ ಕಪ್ಪು ಚಾಕೊಲೇಟಿನಲ್ಲಿ 70 ಗ್ರಾಂನಷ್ಟು ಕೊಬ್ಬಿರುತ್ತದೆ. ಅದನ್ನು 180 ಮಿಲಿಲೀಟರ್ ನೀರಿನಲ್ಲಿ ಕರಗಿಸಿದರೆ ಕೊಬ್ಬು ನೀರುಗಳ ಲೆಕ್ಕ ಕೆನೆಯ ಹತ್ತಿರಕ್ಕೆ ಬರುತ್ತದೆ, ಎಂದಮೇಲೆ ಕೆನೆಯಂತೆಯೇ ಕಡೆಯಲೂ ಬರಬೇಕು. ಐಸ್ ತುಂಬಿದ ಬೋಗುಣಿಯಲ್ಲಿ ಪಾತ್ರೆ ಇಟ್ಟು ಬಡಿದರೆ ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗುತ್ತದೆ. ಕೈ ತಪ್ಪಿ ಮರಳುಮರಳಾದರೆ ಮತ್ತೆ ಕರಗಿಸಿ ಮತ್ತೆ ಕಡೆಯಬಹುದು. ಬೆಣ್ಣೆಯಾಗಿಹೋದ ಕೆನೆಗೆ ಈ ಭಾಗ್ಯವಿಲ್ಲ. ತಂಪು ಕೆನೆಯನ್ನು ಪೇಟೆಯಿಂದ ಬಿಸಿಲಲ್ಲಿ ತರಬೇಕಾದ ಊರಿಗೆ ಎಲ್ಲಕ್ಕಿಂತ ಒಗ್ಗುವುದು ಇದೇ.

ನೀರಿನ ಮೂಸನ್ನು ಕೂಡಲೇ ತಿನ್ನಬೇಕು, ಫ್ರಿಜ್ಜಿನಲ್ಲಿಟ್ಟರೆ ಕಲ್ಲಾಗುತ್ತದೆ. ಕೆನೆಯದು ಮೂರು ನಾಲ್ಕು ಗಂಟೆ ಫ್ರಿಜ್ಜಿನಲ್ಲಿ ಕೂತ ಮೇಲೆ ಹದಕ್ಕೆ ಬರುತ್ತದೆ, ಎರಡು ದಿನ ಉಳಿಯುತ್ತದೆ. ಮಣ್ಣಿನ ಗಡಿಗೆಯ ತಂಪು ಇದಕ್ಕೆ ಸಾಲದು. ಮೇಲೆ ಹುರಿದು ಒಡೆದ ಶೇಂಗಾ ಉದುರಿಸಿದರೆ ಹಲ್ಲಿಗೂ ಕೆಲಸ ಸಿಗುತ್ತದೆ. ಉಳಿದದ್ದನ್ನು ಫ್ರೀಜರಿಗೆ ಹಾಕಿದರೆ ಮಾರನೆಯ ದಿನ ಕುಲ್ಫಿಯಂತೆ ತಿನ್ನಬಹುದು.