ಹಳೇ ಓಮ್ನಿ ನಡುದಾರಿಯಲ್ಲಿ ಕೈಕೊಟ್ಟರೆ...

ನಿಮ್ಮ ಮನೆ ಮುಂದೆಯೂ ಒಂದು ಹಳೇ ಮಾರುತಿ ಓಮ್ನಿ ನಿಂತಿದೆಯೇ? 1984ರಲ್ಲಿ ಬಂದ ಈ ವ್ಯಾನಿನ ತಯಾರಿಕೆ 2019ರಲ್ಲೇ ನಿಂತುಹೋಯಿತು. ಆದರೂ ನಮ್ಮ ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆ ಮದುವೆ, ಆಸ್ಪತ್ರೆ, ಸಂತೆ ಎಂದರೆ ಇವತ್ತಿಗೂ ಮನೆಮಂದಿಯನ್ನೆಲ್ಲ ತುಂಬಿಕೊಂಡು ಹೊರಡುವುದು ಇದೇ. ಅದು ಕೆಟ್ಟರೆ ಮಾತ್ರ ಗಂಡಸರ ತಲೆನೋವು ಅಂತ ಸುಮ್ಮನಿದ್ದುಬಿಡುತ್ತೇವೆ. ನಾನೂ ಹಾಗೇ ಇದ್ದೆ.

ಅವತ್ತು ಸಿಂಧನೂರಿನಿಂದ ಲಿಂಗಸುಗೂರಿನ ತವರಿಗೆ ಹೊರಟಿದ್ದೆ. ಸ್ಟೇರಿಂಗ್ ನನ್ನ ಕೈಲಿ, ಹಿಂದೆ ಅತ್ತೆ, ಇಬ್ಬರು ಮಕ್ಕಳು. ರಸ್ತೆ ಉಬ್ಬು ಬಂತೆಂದು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಸಾಕು, ಎಂಜಿನ್ ಬಂದ್! ಕೀ ತಿರುವಿದರೆ ಮತ್ತೆ ಚಾಲೂ. ಮಸ್ಕಿ ಮುಟ್ಟುವುದರೊಳಗೆ ನಾಲ್ಕು ಸಲ ಹೀಗಾಯಿತು. ಕೊನೆಯ ಸಲ ಹಿಂದಿದ್ದ ಭತ್ತದ ಲಾರಿ ಮೈಮೇಲೇ ಬಂದಂತಾಗಿ ಜೀವ ಬಾಯಿಗೆ ಬಂತು. ಹಿಂದಿನ ವಾರವಷ್ಟೇ ಒಂದು ಗ್ಯಾರೇಜಿನಲ್ಲಿ "ಇಂಜೆಕ್ಟರ್ ಹೋಗ್ಯಾವ್ರಿ ಅಕ್ಕಾರ, ಮೂರೂ ಬದ್ಲಿ ಮಾಡ್ಬೇಕು" ಅಂದಿದ್ದರು. ದುಡ್ಡು ಹೊಂದಿಸಿಕೊಂಡು ಮಾಡಿಸೋಣ ಅಂತ ಬಿಟ್ಟಿದ್ದೆವು.

ಮಸ್ಕಿಯಲ್ಲಿ ಸಿಕ್ಕ ಹಿರಿಯ ಮೆಕ್ಯಾನಿಕ್ ಸ್ಪ್ಯಾನರ್ ಮುಟ್ಟುವ ಮೊದಲು ಕೇಳಿದ್ದು ಒಂದೇ ಮಾತು: "ಕಾಲು ಬಿಟ್ಟಾಗ ಬಂದ್ ಬೀಳ್ತದೇನ್ರಿ ತಂಗಿ, ಒತ್ತಿದಾಗ?"

ಗೆಳತಿಯರೇ, ಅರ್ಧ ರೋಗ ಪತ್ತೆಯಾಗುವುದೇ ಈ ಪ್ರಶ್ನೆಯಲ್ಲಿ. ಗ್ಯಾಸ್ ಒಲೆ ನೆನಪಿಸಿಕೊಳ್ಳಿ. ಉರಿ ಸರಿಯಾಗಿರಬೇಕಾದರೆ ಗಾಳಿಯೂ ಬೇಕು, ಗ್ಯಾಸೂ ಬೇಕು. ಎಂಜಿನ್ನಿಗೆ ಗಾಳಿ ಎಷ್ಟು ಹೋಗಬೇಕೆಂದು ನೋಡಿಕೊಳ್ಳುವುದು ಥ್ರಾಟಲ್, ಅಂದರೆ ಕೊಳವೆಯೊಳಗಿನ ಒಂದು ದುಂಡನೆಯ ತಗಡಿನ ಬಾಗಿಲು. ಪೆಟ್ರೋಲನ್ನು ಮಂಜಿನಂತೆ ಚಿಮುಕಿಸುವುದು ಇಂಜೆಕ್ಟರ್, ಥೇಟ್ ಇಸ್ತ್ರಿ ಮಾಡುವಾಗಿನ ಸ್ಪ್ರೇ ಬಾಟಲಿ. ಕಾಲು ತೆಗೆದಾಗ ಥ್ರಾಟಲ್ ಹೆಚ್ಚುಕಡಿಮೆ ಮುಚ್ಚಿಕೊಂಡು, ಸಣ್ಣ ಸಂದಿನಲ್ಲಷ್ಟೇ ಗಾಳಿ ನುಸುಳುತ್ತದೆ. ಆ ಸಂದಿಗೆ ಮಸಿ ಕಟ್ಟಿತೋ, ಎಂಜಿನ್ ಉಸಿರುಗಟ್ಟಿ ನಿಲ್ಲುತ್ತದೆ. ಒತ್ತಿದಾಗ ಬಾಗಿಲು ಅಗಲವಾಗುವುದರಿಂದ ಏನೂ ಗೊತ್ತಾಗುವುದಿಲ್ಲ. ನಮ್ಮದು ಇದೇ ಆಗಿತ್ತು! ಥ್ರಾಟಲ್ ಬಿಚ್ಚಿ, ಕ್ಲೀನರ್ ಸ್ಪ್ರೇ ಹೊಡೆದು, ಪಕ್ಕದ ಐಡಲ್ ವಾಲ್ವ್ ಒರೆಸಿ ಕೊಟ್ಟರು. ಇಂಜೆಕ್ಟರಿಗೆ ಕೈಯನ್ನೇ ಹಚ್ಚಲಿಲ್ಲ.

ಇದಕ್ಕೆ ಉಲ್ಟಾ, ನಿಂತಾಗ ಎಂಜಿನ್ ಚೆನ್ನಾಗಿದ್ದು, ಏರು ಬಂದಾಗ ಅಥವಾ ಜನ ತುಂಬಿದಾಗ ಒತ್ತಿದರೂ ಎಳೆಯದೆ ಮುಕ್ಕರಿಸಿದರೆ ಪೆಟ್ರೋಲ್ ಸಾಲುತ್ತಿಲ್ಲ ಎಂಬ ಅನುಮಾನ ಮೊದಲು ಬರಬೇಕು. ಫ್ಯುಯೆಲ್ ಫಿಲ್ಟರ್ ಕಟ್ಟಿರಬಹುದು, ಪಂಪ್ ಸೋತಿರಬಹುದು. ಎಂಜಿನ್ ಚಾಲೂ ಮಾಡದೆ ಕೀಯನ್ನು ಆನ್‌ಗೆ ಮಾತ್ರ ತಿರುವಿ ಕಿವಿಗೊಡಿ. ಎರಡು ಮೂರು ಸೆಕೆಂಡು ಪಂಪಿನ ಗುಂಯ್ ಎನ್ನುವ ಸದ್ದು ಬರಬೇಕು. ಬಾರದಿದ್ದರೆ ಫ್ಯೂಸ್, ರಿಲೇ ನೋಡಿಸಿ, ಆಮೇಲೆ ಪಂಪ್. ಇನ್ನು ಇಡೀ ವ್ಯಾನ್ ಗಡಗಡ ನಡುಗಿದರೆ? ಓಮ್ನಿಗೆ ಇರುವುದೇ ಮೂರು ಸಿಲಿಂಡರ್. ಒಂದು ಕೈಬಿಟ್ಟರೂ ಕೂತವರಿಗೆ ತಿಳಿಯುತ್ತದೆ. ಅಗ್ಗದ ಸ್ಪಾರ್ಕ್ ಪ್ಲಗ್ ಮೊದಲು, ಇಂಜೆಕ್ಟರ್ ಕೊನೆಗೆ ನೋಡಲಿ. ಕಪ್ಪು ಹೊಗೆ ಬಂದರೆ ಏರ್ ಫಿಲ್ಟರ್ ತೆಗೆಸಿ ನೋಡಿ. ಸುಗ್ಗಿಯ ಧೂಳು, ಅಕ್ಕಿ ಗಿರಣಿಯ ಹೊಟ್ಟು ಕುಡಿಯುವ ನಮ್ಮೂರಿನ ಗಾಡಿಗಳಿಗೆ ಕೈಪಿಡಿಯಲ್ಲಿ ಬರೆದ ಅವಧಿ ಸಾಲದು, ಅದಕ್ಕೂ ಮೊದಲೇ ಬದಲಿಸಬೇಕು.

(ಅಂದಹಾಗೆ, ನಿಮ್ಮ ವ್ಯಾನಿನಲ್ಲಿ ಚೋಕ್ ಎಳೆಯುವ ಗುಂಡಿ ಇದೆಯೇ? ಹಾಗಿದ್ದರೆ ಅದು ಕಾರ್ಬುರೇಟರ್ ಕಾಲದ್ದು, ಇಂಜೆಕ್ಟರೇ ಇರುವುದಿಲ್ಲ. ಯಾರಾದರೂ ಇಂಜೆಕ್ಟರ್ ಬದಲಿಸಬೇಕು ಅಂದರೆ ನಕ್ಕು ಎದ್ದು ಬನ್ನಿ!)

ಎರಡು ವಿಷಯಕ್ಕೆ ಮಾತ್ರ ತಡ ಮಾಡಲೇಬೇಡಿ. ಕಾಲು ತೆಗೆದರೂ ವೇಗ ಇಳಿಯದಿದ್ದರೆ ಆಕ್ಸಿಲರೇಟರ್ ಕೇಬಲ್ ಸಿಕ್ಕಿಕೊಂಡಿರಬಹುದು. ಕ್ಲಚ್ ಒತ್ತಿ, ಬ್ರೇಕ್ ಹಿಡಿದು, ಬದಿಗೆ ತಂದ ಮೇಲೆ ಎಂಜಿನ್ ಆರಿಸಿ. ಗಾಡಿ ಓಡುವಾಗ ಕೀ ಹೊರಗೆ ಎಳೆದರೆ ಸ್ಟೇರಿಂಗ್ ಲಾಕ್ ಆದೀತು, ಜೋಕೆ. ಇನ್ನೊಂದು, ಪೆಟ್ರೋಲ್ ವಾಸನೆ. ಓಮ್ನಿಯ ಎಂಜಿನ್ ಇರುವುದು ನಾವು ಕೂರುವ ಮುಂದಿನ ಸೀಟಿನ ಕೆಳಗೇ. ಈಗ ಬಂಕಿನಲ್ಲಿ ಸಿಗುವುದು ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. ಹಳೇ ರಬ್ಬರ್ ಪೈಪುಗಳಿಗೆ ಅದು ಆಗಿಬರುವುದಿಲ್ಲ, ಉಬ್ಬಿ ಬಿರುಕು ಬಿಡಬಹುದು. ವಾಸನೆ ಬಂದರೆ ಮಕ್ಕಳನ್ನು ಇಳಿಸಿ, ಗಾಡಿ ಚಾಲೂ ಮಾಡದೆ ಮೆಕ್ಯಾನಿಕ್‌ನನ್ನೇ ಕರೆಸಿ. ಅಡುಗೆ ಸಿಲಿಂಡರ್ ಇಟ್ಟು ಓಡಿಸುವವರಿಗಂತೂ ಹೇಳುವುದೇನಿದೆ, ಅದು ಕಾನೂನುಬಾಹಿರ, ಅಪಾಯವೂ ಹೌದು.

ಈಗ ನಮ್ಮ ವ್ಯಾನಿನ ಡ್ಯಾಶ್‌ಬೋರ್ಡಿನಲ್ಲಿ ಹಾಲಿನ ಲೆಕ್ಕದಂಥದೇ ಒಂದು ಸಣ್ಣ ಪುಸ್ತಕ ಇದೆ. ಯಾವಾಗ ನಿಂತಿತು, ಎಂಜಿನ್ ತಣ್ಣಗಿತ್ತೋ ಬಿಸಿಯಿತ್ತೋ, ಕಾಲು ಒತ್ತಿತ್ತೋ ಬಿಟ್ಟಿತ್ತೋ, ಟ್ಯಾಂಕಿನಲ್ಲಿ ಪೆಟ್ರೋಲ್ ಎಷ್ಟಿತ್ತು, ಚೆಕ್ ಎಂಜಿನ್ ದೀಪ ಹೊತ್ತಿತ್ತೋ ಎಂದು ಅವತ್ತವತ್ತೇ ಬರೆದಿಡುತ್ತೇನೆ. ಗ್ಯಾರೇಜಿಗೆ ಹೋದಾಗ ಅದನ್ನೇ ಓದಿ ಹೇಳುತ್ತೇನೆ. ಬದಲಿಸಿದ ಹಳೇ ಸಾಮಾನನ್ನು ಕೇಳಿ ಮನೆಗೆ ತರುತ್ತೇನೆ. ಮೊದಮೊದಲು "ಇದೇನ್ರೀ ಅಕ್ಕಾರ" ಅಂತ ನಗುತ್ತಿದ್ದ ಹುಡುಗರು ಈಗ ನಾನು ಹೋದ ಕೂಡಲೇ "ಪುಸ್ತಕ ತಂದೀರೇನ್ರಿ?" ಅಂತ ಕೇಳುತ್ತಾರೆ.